ಗಾಳದ ಕೋಲಿಗೆ ಎಷ್ಟು ಉಂಗುರ?

"ದೊಡ್ಡಪ್ಪಯ್ಯ, ಒಂಬತ್ತಡಿ ಕಾರ್ಬನ್ ಕೋಲು ತರಿಸಿದ್ದೇನೆ. ಬರೀ ಕೋಲು. ಹಿಡಿ, ರೀಲಿನ ಸೀಟು, ಉಂಗುರ ಎಲ್ಲ ನಾನೇ ಕಟ್ಟಿಕೊಳ್ಳಬೇಕು. ಉಂಗುರ ಎಷ್ಟು ಹಾಕಲಿ?" ತಮ್ಮನ ಮಗ ಕುಂದಾಪುರದಿಂದ ಫೋನ್ ಮಾಡಿ ಕೇಳಿದ. ಸಂಜೆಯಾದರೆ ಕೋಡಿಯ ಕಡಲ ದಂಡೆಗೆ ಹೋಗಿ ಗಾಳ ಹಾಕುವ ಹುಚ್ಚು ಅವನಿಗೆ. ಅಂಗಡಿಯವನು ಹತ್ತು ಉಂಗುರ ಪೊಟ್ಟಣ ಕಟ್ಟಿ ಕೊಟ್ಟಿದ್ದನಂತೆ, ಗೆಳೆಯನೊಬ್ಬ ಎಂಟು ಸಾಕು ಅನ್ನುತ್ತಿದ್ದನಂತೆ.

"ರೀಲು ಯಾವುದು? ಕೋಲಿನ ಅಡಿಗೆ ನೇತಾಡುವುದೋ, ಮೇಲೆ ಕೂರುವುದೋ?" ಎಂದು ಕೇಳಿದೆ.

ಆ ಪ್ರಶ್ನೆ ನನ್ನ ಬಾಯಿಂದ ಬಂತೇ ಹೊರತು ನನ್ನದಲ್ಲ. ಐವತ್ತು ವರ್ಷದ ಹಿಂದೆ ಮುಂಬಯಿಯ ಸಯನ್ನಿನ ಒಂದು ಚಾಳಿನ ಗ್ಯಾಲರಿಯಲ್ಲಿ ಕೂತು, ನೂಲಿನ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡು, ಬಂದ ಗಿರಾಕಿಗೆಲ್ಲ ಇದನ್ನೇ ಕೇಳುತ್ತಿದ್ದವರೊಬ್ಬರ ಪ್ರಶ್ನೆ ಅದು. ಅವರನ್ನು ನಾನು ಮಾವ ಎಂದು ಕರೆಯುತ್ತಿದ್ದೆ. ರಕ್ತಸಂಬಂಧ ಏನೂ ಇರಲಿಲ್ಲ. ಅವರು ಗಂಗೊಳ್ಳಿ ಕಡೆಯ ಮೊಗವೀರರು, ನಮ್ಮದು ಬಸ್ರೂರು. ಊರಲ್ಲಿದ್ದಿದ್ದರೆ ಒಬ್ಬರ ಮುಖ ಒಬ್ಬರು ನೋಡುತ್ತಲೂ ಇರಲಿಲ್ಲವೇನೋ. ಮುಂಬಯಿಯಲ್ಲಿ ಅಷ್ಟು ಹತ್ತಿರದವರು ಸಿಕ್ಕರೆ ಅದೇ ದೊಡ್ಡ ನೆಂಟಸ್ತಿಕೆ.

1974ರಲ್ಲಿ ಏಳನೇ ಕ್ಲಾಸು ಮುಗಿಸಿ ಬಂದು, ಸಯನ್ ಸರ್ಕಲಿನ ಹತ್ತಿರದ ಒಂದು ಉಡುಪಿ ಹೋಟೆಲು ಸೇರಿದ್ದೆ. ಹಗಲೆಲ್ಲ ಟೇಬಲ್ ಒರೆಸುವುದು, ಲೋಟ ತೊಳೆಯುವುದು. ಸಂಜೆ ಕನ್ನಡದ ರಾತ್ರಿ ಶಾಲೆ. ನಮ್ಮ ಕಡೆಯ ಎಷ್ಟೋ ಹುಡುಗರು ಮೆಟ್ರಿಕ್ ಮಾಡಿದ್ದು ಹಾಗೆಯೇ. ಮಾವ ಮಾಟುಂಗಾದ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್. 1915ರಿಂದ ರೈಲಿನ ಡಬ್ಬಿ ರಿಪೇರಿ ಮಾಡುತ್ತ ಬಂದ ಕಾರ್ಖಾನೆ ಅದು. ಕೆಲಸ ಬಿಟ್ಟು ಮನೆಗೆ ಹೋಗುವಾಗ ನಮ್ಮ ಹೋಟೆಲಿಗೆ ಬಂದು ಚಾ ಕುಡಿಯುತ್ತಿದ್ದರು. ಒಂದು ದಿನ ನನ್ನ ಮಾತು ಕೇಳಿ, "ಮಾಣಿ, ನೀ ಕುಂದಾಪ್ರದ್ ಬದಿಯವನಾ?" ಎಂದರು. ಆ ಭಾನುವಾರವೇ ಅವರ ಮನೆಗೆ ಊಟಕ್ಕೆ ಹೋದೆ. ಅತ್ತೆ ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು ಬಡಿಸಿದರು. ಊಟವಾದ ಮೇಲೆ ಮಾವ ನನ್ನ ಕೈಗೆ ಒಂದು ನೂಲಿನ ಉಂಡೆ ಕೊಟ್ಟು, ಇದನ್ನು ಹಿಡಿದುಕೋ, ಬಿಗಿ ಬಿಡಬೇಡ ಎಂದರು. ಮುಂದೆ ನನ್ನ ಭಾನುವಾರಗಳೆಲ್ಲ ಅಲ್ಲಿಯೇ ಕಳೆದವು.

ಊರಲ್ಲಿ ವಾರಾಹಿ ಹೊಳೆಗೆ ಗಾಳ ಹಾಕಿ ಬೆಳೆದವನು ನಾನು. ನಮ್ಮ ಗಾಳದ ಕೋಲಿಗೆ ಉಂಗುರವೇ ಇರಲಿಲ್ಲ. ಬಿದಿರಿನ ಗಳು, ತುದಿಗೆ ಕಟ್ಟಿದ ದಾರ, ಒಂದು ಬೆಂಡು, ಒಂದು ಗಾಳ, ಎರೆಹುಳು. ಕೋಲು ಎಷ್ಟು ಉದ್ದವೋ ದಾರವೂ ಅಷ್ಟೇ. ರೀಲು ಬಂದಾಗಲೇ ಉಂಗುರದ ಪಂಚಾಯಿತಿಕೆ ಶುರುವಾಗುವುದು. ನೂರು ಗಜ ದಾರ ರೀಲಿನಿಂದ ಹೊರಟು ಕೋಲಿನ ಉದ್ದಕ್ಕೂ ಸಾಗಿ ತುದಿಯಿಂದ ಹಾರಬೇಕು; ಮೀನು ಸಿಕ್ಕ ಮೇಲೆ ಅದೇ ದಾರಿಯಲ್ಲಿ ಹಿಂದಕ್ಕೆ ಬರಬೇಕು. ಆ ದಾರಿಯನ್ನು ಕಾಯುವುದು ಉಂಗುರಗಳು. ಗಾಳಗಾರರು ಇವಕ್ಕೆ ಗೈಡ್ ಅನ್ನುತ್ತಿದ್ದರು, ಮಾವನ ಬಾಯಲ್ಲಿ ಅದು ಯಾವತ್ತೂ ಉಂಗ್ರ.

ಉಂಗುರ ಕಟ್ಟುವ ಕೆಲಸ ಹೀಗೆ. ಉಂಗುರದ ಕಾಲಿನ ತುದಿಯನ್ನು ಮೊದಲು ಅರದಿಂದ ಉಜ್ಜಿ ಕಾಗದದಷ್ಟು ತೆಳ್ಳಗೆ ಮಾಡಬೇಕು. ಇಲ್ಲದಿದ್ದರೆ ಸುತ್ತುವ ನೂಲು ಕೋಲಿನಿಂದ ಕಾಲಿನ ಮೇಲೆ ಹತ್ತುವಲ್ಲಿ ಸಂದಿ ಬೀಳುತ್ತದೆ, ಆ ಸಂದಿಯಲ್ಲಿ ಉಪ್ಪುನೀರು ಕೂರುತ್ತದೆ. ನೂಲಿನ ಉಂಡೆ ನನ್ನ ಕೈಯಲ್ಲಿ. ಮಾವ ನೂಲು ಸುತ್ತುವುದಿಲ್ಲ, ಕೋಲನ್ನು ತೊಡೆಯ ಮೇಲಿಟ್ಟು ತಿರುಗಿಸುತ್ತಾರೆ. ಸುತ್ತಿನ ಪಕ್ಕಕ್ಕೆ ಸುತ್ತು, ನಡುವೆ ಬೆಳಕು ಕಾಣಬಾರದು. ಕೊನೆಯ ಆರೇಳು ಸುತ್ತು ಉಳಿದಾಗ ಒಂದು ಕುಣಿಕೆಯ ದಾರವನ್ನು ಅಡಿಗೆ ಇಟ್ಟು ಅದರ ಮೇಲೆ ಸುತ್ತಿ, ನೂಲಿನ ತುದಿಯನ್ನು ಕುಣಿಕೆಯಲ್ಲಿ ತೂರಿಸಿ ಎಳೆದರೆ ತುದಿ ಸುತ್ತಿನೊಳಗೇ ಅಡಗುತ್ತದೆ, ಎಲ್ಲೂ ಗಂಟಿಲ್ಲ. ಆಮೇಲೆ ಚಮಚದ ಬೆನ್ನಿನಿಂದ ಉಜ್ಜಿ ಸಮ ಮಾಡಿ, ತೆಳುವಾಗಿ ವಾರ್ನಿಷ್ ಹೊಡೆದು, ಆರುವ ತನಕ ಕೋಲನ್ನು ಆಗಾಗ ತಿರುಗಿಸುತ್ತ ಇರಬೇಕು. ತಿರುಗಿಸುವ ಕೆಲಸ ನನ್ನದು. ಹಳೆಯ ಕೋಲು ರಿಪೇರಿಗೆ ಬಂದರೆ ಮಾವ ಚೂರು ಹತ್ತಿ ತೆಗೆದು ಪ್ರತಿ ಉಂಗುರದೊಳಗೆ ಸವರುತ್ತಿದ್ದರು. ಒಳಗೆ ಕೂದಲೆಳೆಯ ಬಿರುಕಿದ್ದರೂ ಹತ್ತಿಯ ಎಳೆ ಅಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಆ ಬಿರುಕು ದಾರವನ್ನು ಗರಗಸ ಹಾಕಿದ ಹಾಗೆ ಕೊಯ್ಯುತ್ತದೆ.

ಗಿರಾಕಿಗಳು ಎಲ್ಲ ಬಗೆಯವರು. ಪೊವಾಯಿ ಕೆರೆಗೆ ಹೋಗುವ ಡಾಕ್ಟರು, ಬಾಂದ್ರಾದ ಬಂಡೆಯ ಮೇಲೆ ನಿಲ್ಲುವ ಕ್ರಿಶ್ಚಿಯನ್ ಮೇಷ್ಟ್ರು, ಮಾಹುಲಿನ ಖಾಡಿಗೆ ಹೋಗುವ ಮಿಲ್ಲಿನ ಜಾಬರ್, ಒಬ್ಬ ಪಾರ್ಸಿ ಸಾಹೇಬರು. ಪೊವಾಯಿ ಕೆರೆ 1891ರಲ್ಲಿ ಮುಂಬಯಿಗೆ ಕುಡಿಯುವ ನೀರಿಗಾಗಿ ಕಟ್ಟಿದ್ದು. ನೀರು ಕುಡಿಯಲಿಕ್ಕೆ ಆಗಲಿಲ್ಲ, ಮೀನಿಗೆ ಆಯಿತು. ಮಹಾರಾಷ್ಟ್ರ ಸ್ಟೇಟ್ ಆಂಗ್ಲಿಂಗ್ ಅಸೋಸಿಯೇಷನ್ನಿನವರು ಅಲ್ಲಿ ರೋಹು, ಕಾಟ್ಲಾ ಹಿಡಿಯುತ್ತಿದ್ದರು. ಮಾವ ಸ್ವತಃ ಹೋಗುತ್ತಿದ್ದುದು ಶಿವಡಿಯ ಧಕ್ಕೆಗೆ. ಈಗ ಗುರು ತೇಗ್ ಬಹಾದೂರ್ ನಗರ ಎನ್ನುವ ಸ್ಟೇಷನ್ನಿಗೆ ಆಗ ಕೋಳಿವಾಡ ಎಂದೇ ಹೆಸರು. ಅಲ್ಲಿ ಹಾರ್ಬರ್ ಲೈನಿನ ಗಾಡಿ ಹಿಡಿದರೆ ವಡಾಲ ಬಿಟ್ಟು ಮುಂದಿನದು ಶಿವಡಿ. ಕೆಸರಿನ ಮೇಲೆ ಭರತ ಏರಿ ಬರುವ ಹೊತ್ತಿಗೆ ಗಾಳ ಬಿಟ್ಟರೆ ಶಿಂಗಾಳಾ, ಬೋಯ್ ಸಿಗುತ್ತಿದ್ದವು. ಜಿತಾಡಾ ಸಿಕ್ಕ ದಿನ ಚಾಳಿನ ನಾಲ್ಕು ಮನೆಗೆ ಹಂಚುತ್ತಿದ್ದರು.

ಯಾರು ಬಂದು ಎಷ್ಟು ಉಂಗುರ ಎಂದು ಕೇಳಿದರೂ ಮಾವನ ಮೊದಲ ಉತ್ತರ ಒಂದೇ. "ಆರ್ ಸಾಕ್." ಏಳಡಿಗೂ ಆರು, ಎಂಟಡಿಗೂ ಆರು. ಕೋಲು ಕಟ್ಟುವವರಲ್ಲಿ ಹಳೆಯ ರೂಢಿಯ ಲೆಕ್ಕ ಬೇರೆ: ಅಡಿಗೊಂದು, ಮೇಲೊಂದು. ಎಂಟಡಿಗೆ ಒಂಬತ್ತು. ಗಿರಾಕಿಗಳು ಆ ಲೆಕ್ಕ ಎತ್ತಿದರೆ ಮಾವ ಸಿಟ್ಟಾಗುತ್ತಿದ್ದರು. ಉಂಗುರ ಅಂದರೆ ತೂಕ, ಅದರ ಮೇಲೆ ನೂಲು, ನೂಲಿನ ಮೇಲೆ ವಾರ್ನಿಷ್. ಇದೆಲ್ಲ ಕೋಲಿನ ತುದಿಗೆ ಹೇರಿದರೆ ಎಸೆದಾಗ ತುದಿ ಥಟ್ಟನೆ ನಿಲ್ಲುವುದಿಲ್ಲ, ತೂಗಾಡುತ್ತದೆ, ದಾರ ಅಷ್ಟೂ ಉಂಗುರಕ್ಕೆ ಉಜ್ಜಿ ದೂರ ಹೋಗುವುದಿಲ್ಲ ಎನ್ನುತ್ತಿದ್ದರು. ಆಗಿನ ಕೋಲುಗಳು ಹೆಚ್ಚಿನವು ಗಟ್ಟಿ ಫೈಬರ್ ಗ್ಲಾಸಿನವು, ಮೊದಲೇ ಭಾರ, ಮೊದಲೇ ನಿಧಾನ. ಅಂಥ ಕೋಲಿನ ತುದಿಗೆ ಒಂದು ಉಂಗುರ ಹೆಚ್ಚಾದರೂ ಕೈಗೆ ಗೊತ್ತಾಗುತ್ತಿತ್ತು. ಆ ಮಟ್ಟಿಗೆ ಅವರ ಮಾತು ಅಪ್ಪಟ ಸತ್ಯ.

ಪಾರ್ಸಿ ಸಾಹೇಬರು ಮಾತ್ರ ಅದನ್ನು ಒಪ್ಪಲಿಲ್ಲ. ದೂರದ ಹೊಳೆಗಳಿಗೆ ಮಹಶೀರ್ ಮೀನಿಗೆ ಹೋಗುತ್ತಿದ್ದವರು ಅವರು. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರು ಕಬಿನಿಯಲ್ಲಿ 120 ಪೌಂಡಿನ ಮಹಶೀರ್ ಹಿಡಿದ ಕಥೆಯನ್ನು ಅವರ ಬಾಯಿಂದಲೇ ನಾನು ಮೊದಲು ಕೇಳಿದ್ದು. ಒಂದು ಸಲ 'ದಿ ರಾಡ್ ಇನ್ ಇಂಡಿಯಾ' ಎಂಬ ಹಳೆಯ ಪುಸ್ತಕ ತಂದು ತೋರಿಸಿದ್ದರು. ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ ಬರೆದದ್ದು. ಅದು ಅಚ್ಚಾದದ್ದು ನಮ್ಮ ಮಂಗಳೂರಿನಲ್ಲಿ, 1873ರಲ್ಲಿ. ಮಾವನಿಗೆ ಇಂಗ್ಲಿಷ್ ಬಾರದು. ಮೊದಲ ಪುಟದಲ್ಲಿ ಮಂಗಳೂರು ಎಂದಿರುವುದು ಎಲ್ಲಿ ಎಂದು ಕೇಳಿ, ಆ ಅಕ್ಷರಗಳನ್ನು ಅಷ್ಟು ಹೊತ್ತು ನೋಡಿದರು.

ಆ ಸಾಹೇಬರ ರೀಲು ಕೋಲಿನ ಮೇಲೆ ಕೂರುವಂಥದ್ದು. ಎಂಟಡಿ ಕೋಲಿಗೆ ಒಂಬತ್ತು ಬೇಕೇ ಬೇಕು ಎಂದು ಹಟ ಹಿಡಿದರು. ಮಾವ ಆರು ಎಂದರು. ಕೊನೆಗೆ ಮಾವ ನನ್ನ ಕಡೆ ತಿರುಗಿ, "ಮಾಣಿ, ಬಾಲ್ದಿ ತಕಂಡ್ ಬಾ" ಎಂದರು.

ಸೈಕಲ್ ಟ್ಯೂಬಿನ ವಾಲ್ವಿಗೆ ಹಾಕುವ ರಬ್ಬರ್ ನಳಿಗೆಯನ್ನು ಸಣ್ಣ ಬಳೆಗಳಾಗಿ ಕತ್ತರಿಸಿ ಡಬ್ಬಿಯಲ್ಲಿ ತುಂಬಿಟ್ಟಿದ್ದರು. ಆ ಬಳೆಗಳಿಂದ ಆರು ಉಂಗುರಗಳನ್ನು ಕೋಲಿಗೆ ತಾತ್ಕಾಲಿಕವಾಗಿ ಸಿಕ್ಕಿಸಿ, ಕೋಲಿನ ಬುಡವನ್ನು ಗ್ಯಾಲರಿಯ ಮರದ ಕಟಾಂಜನಕ್ಕೆ ಸೆಣಬಿನ ಹಗ್ಗದಿಂದ ಬಿಗಿದು, ದಾರವನ್ನು ಉಂಗುರಗಳಲ್ಲಿ ಪೋಣಿಸಿ ಕೆಳಗೆ ಅಂಗಳಕ್ಕೆ ಇಳಿಬಿಟ್ಟರು. ದಾರದ ತುದಿಗೆ ಬಾಲ್ದಿ. ನಾನು ಕೆಳಗೆ ನಿಂತು ಚೊಂಬಿನಿಂದ ನೀರು ಹೊಯ್ಯಬೇಕು. ಚಾಳಿನ ಮಕ್ಕಳೆಲ್ಲ ಸುತ್ತ ನೆರೆದರು. ಒಂದೊಂದು ಚೊಂಬು ಬಿದ್ದಂತೆ ಕೋಲು ಬಾಗುತ್ತ ಬಂತು. ಮಾವ ಪಕ್ಕದಿಂದ ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು. ಅರ್ಧ ಬಾಲ್ದಿಯಾಗುವಾಗ "ನಿಲ್ಸ್" ಎಂದು ಕೂಗಿದರು.

ನಾನು ಮೇಲೆ ಓಡಿದೆ. "ಕಾಣ್ ಇಲ್ಲ್," ಎಂದು ನಡುವಿನ ಎರಡು ಉಂಗುರಗಳ ನಡುವೆ ಬೆರಳಿಟ್ಟರು. ಕೋಲಿನ ಮೇಲ್ಮೈಯಲ್ಲಿ ಹರಿಯುವ ದಾರ ಅಲ್ಲಿ ಕೋಲಿಗೆ ಒತ್ತಿ ಕೂತಿತ್ತು. ಕೋಲು ಬಿಲ್ಲಿನಂತೆ ಬಾಗುತ್ತದೆ, ದಾರ ಉಂಗುರದಿಂದ ಉಂಗುರಕ್ಕೆ ನೆಟ್ಟಗೇ ಹೋಗುತ್ತದೆ. ರೀಲು ಅಡಿಯಲ್ಲಿದ್ದರೆ ದಾರವೂ ಬಾಗಿನ ಒಳಬದಿಗೆ ಇರುವುದರಿಂದ ಕೋಲಿನಿಂದ ದೂರ ಸರಿಯುತ್ತದೆ, ತಾಗುವ ಭಯವಿಲ್ಲ. ರೀಲು ಮೇಲಿದ್ದರೆ ದಾರ ಬಾಗಿನ ಹೊರಬದಿಗೆ; ಉಂಗುರಗಳ ನಡುವಿನ ಅಂತರ ಹೆಚ್ಚಾದರೆ ಅದು ಕೋಲಿನ ಮೈಗೇ ಬಂದು ತಾಗುತ್ತದೆ. ದೊಡ್ಡ ಮೀನು ಓಡುವಾಗ ಹಾಗೆ ತಾಗಿದರೆ ದಾರವೂ ಸವೆಯುತ್ತದೆ, ಕೋಲೂ ಸವೆಯುತ್ತದೆ. ಮಾವ ಏಳನೆಯದನ್ನು ಸಿಕ್ಕಿಸಿದರು, ಜಾಗ ಸರಿಸಿದರು. ಎಂಟನೆಯದು. ಮತ್ತೆ ನೀರು. ಒಂಬತ್ತನೆಯದು ಕೂತ ಮೇಲೆ ದಾರ ಎಲ್ಲೂ ತಾಗದೆ ಬಾಗಿನ ಜೊತೆಗೇ ಹರಿಯಿತು. ತುದಿಯ ಹತ್ತಿರ ಉಂಗುರಗಳು ಒತ್ತೊತ್ತಾಗಿ, ಬುಡಕ್ಕೆ ಬಂದಂತೆ ದೂರ ದೂರ. ಸಾಹೇಬರು ಗೆದ್ದೆ ಎಂದು ನಗಲಿಲ್ಲ; ಟೋಪಿ ತೆಗೆದು ಪಕ್ಕಕ್ಕಿಟ್ಟು ನೆಲದ ಮೇಲೆ ಕೂತು, ಪೆನ್ಸಿಲಿನಿಂದ ಕೋಲಿನ ಮೇಲೆ ಗುರುತು ಹಾಕಲು ಮಾವನಿಗೆ ಸಹಾಯ ಮಾಡಿದರು. ಆ ಮಧ್ಯಾಹ್ನದಷ್ಟು ಸಂತೋಷದ ಮಧ್ಯಾಹ್ನ ನನ್ನ ಹುಡುಗತನದಲ್ಲಿ ಹೆಚ್ಚಿಲ್ಲ. ತಮ್ಮನ ಮಗನಿಗೂ ಅದನ್ನೇ ಹೇಳಿ ಫೋನಿಟ್ಟೆ: ಕಟ್ಟುವ ಮೊದಲು ರಬ್ಬರಿನಲ್ಲಿ ಸಿಕ್ಕಿಸಿ, ಭಾರ ಕಟ್ಟಿ ಬಗ್ಗಿಸಿ, ಪಕ್ಕದಿಂದ ನೋಡು, ಅಡಿಯ ರೀಲಾದರೆ ಎಂಟರಿಂದ ಶುರು ಮಾಡು, ಮೇಲಿನದಾದರೆ ಹತ್ತರಿಂದ.

ಆದರೆ ಆ ಆರರ ಹಟ ನನ್ನನ್ನು ಬಿಟ್ಟಿರಲಿಲ್ಲ. ಬಾಲ್ದಿ ಕಟ್ಟಿ ನೋಡುವ ಕಣ್ಣಿದ್ದ ಮನುಷ್ಯ ಮೊದಲೇ ಯಾಕೆ ಆರು ಎನ್ನುತ್ತಿದ್ದರು? ಹುಡುಗನಾಗಿದ್ದಾಗ ಅದನ್ನು ನಾನು ಅನುಭವದ ಮಾತು ಎಂದೇ ನಂಬಿದ್ದೆ. ಈಗ ಅದರ ಹಿಂದೆ ಅಭಾವದ ಕೈಯೂ ಕಾಣುತ್ತದೆ. ಆಗ ಒಳ್ಳೆಯ ಉಂಗುರ ನಮ್ಮಲ್ಲಿ ಸಿಗುತ್ತಲೇ ಇರಲಿಲ್ಲ. ನಾಗದೇವಿ ಬೀದಿಯಲ್ಲಿ ಕ್ರೋಮ್ ಹಾಕಿದ ಕಬ್ಬಿಣದ ತಂತಿಯ ಉಂಗುರ ಸಿಗುತ್ತಿತ್ತು, ಎರಡು ಮಳೆಗಾಲಕ್ಕೆ ಕ್ರೋಮ್ ಎದ್ದು ತುಕ್ಕು. ಜಪಾನಿನ ಫೂಜಿ ಕಂಪನಿಯ, ಒಳಗೆ ಪಿಂಗಾಣಿಯಂಥ ಬಳೆ ಇರುವ ಉಂಗುರ ಬೇಕಾದರೆ ಹಡಗಿನ ಖಲಾಸಿಗಳು ತರಬೇಕು, ಇಲ್ಲವೇ ಕ್ರಾಫರ್ಡ್ ಮಾರ್ಕೆಟ್ ಹತ್ತಿರದ ಮುಸಾಫಿರ್‌ಖಾನಾದಲ್ಲಿ ಕಳ್ಳ ಮಾಲಿನ ನಡುವೆ ಹುಡುಕಬೇಕು. 1974ರ ಕೊನೆಗೆ ಕಳ್ಳಸಾಗಣೆ ತಡೆಯುವ ಕಾಫೆಪೋಸಾ ಕಾಯ್ದೆ ಬಂತು, ಮರುವರ್ಷ ತುರ್ತು ಪರಿಸ್ಥಿತಿ. ಸ್ಮಗ್ಲರುಗಳು ಜೈಲಿಗೆ ಹೋದರು. ಪತ್ರಿಕೆಗಳಲ್ಲಿ ಬಂದದ್ದು ಚಿನ್ನ, ವಾಚು, ಟೆರಿಲಿನ್ ಬಟ್ಟೆಯ ಸುದ್ದಿ. ಸಯನ್ನಿನ ಚಾಳಿನಲ್ಲಿ ನಿಂತುಹೋದದ್ದು ಉಂಗುರದ ಸರಬರಾಜು. ಡಬ್ಬಿಯಲ್ಲಿ ಇರುವಷ್ಟನ್ನು ಎಲ್ಲ ಕೋಲುಗಳಿಗೆ ಹಂಚಬೇಕಾದ ಮನುಷ್ಯ ಆರು ಸಾಕು ಎನ್ನದೆ ಇನ್ನೇನು ಅಂದಾರು! ಇಲ್ಲ ಎನ್ನುವುದು ಅವರಿಗೆ ನಾಚಿಕೆಯ ಮಾತಾಗಿತ್ತು. ಸಾಕು ಎನ್ನುವುದರಲ್ಲಿ ಮರ್ಯಾದೆ ಉಳಿಯುತ್ತಿತ್ತು.

ಈಗ ಸಯನ್ನಿಗೆ ಹೋದರೆ ಗುರುತು ಹಿಡಿಯುವುದು ಕಷ್ಟ. ಬ್ರಿಟಿಷರು 17ನೇ ಶತಮಾನದಲ್ಲಿ ಗುಡ್ಡದ ಮೇಲೆ ಕಟ್ಟಿದ ಕೋಟೆ ಇದೆ, ಅದರ ಕೆಳಗಿನ ತೋಟವೂ ಇದೆ. ಚಾಳು ಇದ್ದಲ್ಲಿ ಲಿಫ್ಟ್ ಇರುವ ಕಟ್ಟಡ ಎದ್ದಿದೆ. 1912ರ ರೈಲ್ವೆ ಮೇಲ್ಸೇತುವೆಯನ್ನು 2024ರ ಆಗಸ್ಟಿನಲ್ಲಿ ಒಡೆಯಲೆಂದು ಮುಚ್ಚಿದರು. ಧಾರಾವಿಯ ಕೋಳಿ ಬೆಸ್ತರು ಒಂದು ಕಾಲಕ್ಕೆ ಬಲೆ ಬಿಡುತ್ತಿದ್ದ ಮಾಹಿಮ್ ಖಾಡಿಗೆ ಈಗ ಮಿಠಿ ನದಿಯ ಹೆಸರಿನಲ್ಲಿ ಬಂದು ಸೇರುವುದು ಕೊಳಚೆ. ನಾನು ಬಂದ ಕಾಲಕ್ಕೇ ಅಲ್ಲಿ ಮೀನು ಇಲ್ಲವಾಗಿತ್ತು ಎಂಬುದನ್ನೂ ಹೇಳಬೇಕು. ಹಳೆಯದೆಲ್ಲ ಚೆನ್ನಾಗಿತ್ತು ಎಂದು ಬರೆದರೆ ಸುಳ್ಳಾಗುತ್ತದೆ. ಅದೇ ಖಾಡಿಯ ಪಕ್ಕದಲ್ಲಿ ಊರಿನ ಕಸ ಸುರಿದ ದಿಬ್ಬದ ಮೇಲೆ ಈಗ ಮಹಾರಾಷ್ಟ್ರ ನೇಚರ್ ಪಾರ್ಕಿನ ಕಾಡು ಬೆಳೆದಿದೆ. ಶಿವಡಿಯಿಂದ 2024ರಲ್ಲಿ ಅಟಲ್ ಸೇತು ಕಡಲ ಮೇಲೆ ಹೊರಟುಹೋಗಿದೆ. ಉಂಗುರಗಳಂತೂ ಪೂರ್ತಿ ಬದಲಾಗಿವೆ. ಸಿಲಿಕಾನ್ ಕಾರ್ಬೈಡಿನ ಬಳೆ, ಟೈಟಾನಿಯಮ್ ಚೌಕಟ್ಟು, ಅಂಗೈಯಲ್ಲಿಟ್ಟರೆ ತೂಕವೇ ತಿಳಿಯದು. ಹೆಣೆದ ದಾರ ನೂಲಿನಷ್ಟು ಸಣ್ಣ, ಹಾಗಾಗಿ ಉಂಗುರವೂ ಸಣ್ಣ. ಹಿಂದಿನ ದಪ್ಪ ನೈಲಾನ್ ದಾರ ಅಡಿಯ ರೀಲಿನಿಂದ ದೊಡ್ಡ ಸುರುಳಿಯಾಗಿ ಹೊರಡುತ್ತಿದ್ದುದರಿಂದ ಮೊದಲ ಉಂಗುರ ರೂಪಾಯಿ ನಾಣ್ಯಕ್ಕಿಂತ ಅಗಲ ಇರಬೇಕಾಗಿತ್ತು. ತೂಕದ ಚಿಂತೆ ಹೋದ ಮೇಲೆ ಇವತ್ತಿನವರು ಒಂದೆರಡು ಹೆಚ್ಚೇ ಹಾಕುತ್ತಾರೆ, ಅದು ತಪ್ಪಲ್ಲ.

ಕೆಲವು ವರ್ಷಗಳ ಹಿಂದೆ ಮಾವನ ಮಗಳನ್ನು ಡೊಂಬಿವಲಿಯಲ್ಲಿ ನೋಡಿದೆ. ನನಗಿಂತ ಸ್ವಲ್ಪ ಚಿಕ್ಕವಳು. ನಾನು ಭಾನುವಾರ ಹೋದಾಗ ಮೂಲೆಯಲ್ಲಿ ಕೂತು ಪುಸ್ತಕ ಓದುತ್ತಿದ್ದವಳು. ಮಾವ, ಅತ್ತೆ ಇಬ್ಬರೂ ಈಗಿಲ್ಲ. ನಾನು ಆ ಭಾನುವಾರಗಳ ಬಗ್ಗೆ ಸಂತೋಷದಿಂದ ಹೇಳುತ್ತ ಹೋದೆ. ಅವಳು ಕೇಳಿಸಿಕೊಂಡು, "ಅಣ್ಣ, ಅಪ್ಪಯ್ಯ ಒಂದ್ ಭಾನ್ವಾರವೂ ನಮ್ಮನ್ನ ಎಲ್ಲಿಗೂ ಕರ್ಕೊಂಡ್ ಹೋಯ್ಲಿಲ್ಲೆ, ಗೊತ್ತಾ?" ಎಂದಳು. ವಾರ್ನಿಷ್ ವಾಸನೆಗೆ ಅಮ್ಮ ರಾತ್ರಿಯೆಲ್ಲ ಕೆಮ್ಮುತ್ತಿದ್ದರಂತೆ. ಒಂದೇ ಖೋಲಿ, ಕೋಲುಗಳು ಒಣಗಲು ಅಡ್ಡಡ್ಡ ಇಟ್ಟರೆ ಮಕ್ಕಳು ಮಲಗುವಾಗ ಕಾಲು ಚಾಚುವ ಹಾಗಿರಲಿಲ್ಲವಂತೆ. ಅತ್ತೆ ಕೆಮ್ಮುತ್ತಿದ್ದುದು ನನಗೂ ನೆನಪಿದೆ, ಒಲೆಯ ಹೊಗೆಗೆ ಎಂದುಕೊಂಡಿದ್ದೆ. ನನಗೆ ಮನೆಯಾಗಿದ್ದ ಜಾಗದಲ್ಲಿ ಆ ಮನೆಯವರಿಗೇ ಎಡೆ ಇರಲಿಲ್ಲ. ನನಗೆ ಕಲಿಸುವಾಗ ಇದ್ದ ತಾಳ್ಮೆ ಮಾವನಿಗೆ ಮಗಳ ಪುಸ್ತಕದ ಮೇಲೆ ಇರಲಿಲ್ಲ. ಹುಡುಗಿಗೆ ಕೆಲಸ ಕಲಿಸುವ ಯೋಚನೆಯೇ ಅವರಿಗೆ ಬರಲಿಲ್ಲ. ಅವಳು ಒಮ್ಮೆ ನೂಲು ಹಿಡಿಯುತ್ತೇನೆ ಎಂದದ್ದಕ್ಕೆ ಬೈದರಂತೆ. ಅವರ ಮೇಲಿನ ನನ್ನ ಪ್ರೀತಿ ಇದರಿಂದ ಕಡಿಮೆಯಾಗಿಲ್ಲ. ಆದರೆ ಅವರನ್ನು ನೆನೆಯುವಾಗ ಈಗ ಆ ಮೂಲೆಯೂ ಕಾಣುತ್ತದೆ.

ಹೊರಡುವಾಗ ಅವಳು ಕಪಾಟಿನಿಂದ ರಟ್ಟಿನ ಉದ್ದ ಪುಸ್ತಕವೊಂದನ್ನು ತಂದು ಕೊಟ್ಟಳು. ಮಾವನ ಲೆಕ್ಕದ ಪುಸ್ತಕ, ಪೂರಾ ಕನ್ನಡದಲ್ಲಿ. ತಾರೀಕು, ಗಿರಾಕಿ, ಕೋಲಿನ ಉದ್ದ, ಮೇಲಿನ ರೀಲೋ ಕೆಳಗಿನದೋ, ಉಂಗುರ ಎಷ್ಟು, ದುಡ್ಡು. ಹೆಸರುಗಳಿಲ್ಲ, 'ಪೊವಾಯಿ ಡಾಕ್ಟರು', 'ಬಾಂದ್ರ ಮೇಷ್ಟ್ರು' ಎಂಬ ಗುರುತುಗಳು. ದುಡ್ಡಿನ ಕಾಲಮಿನಲ್ಲಿ 'ಬಾಕಿ' ಎಂಬುದು ಎಷ್ಟೋ ಕಡೆ. "ಇಷ್ಟ್ ಜನ ಕೊಡ್ಲಿಲ್ಲೆ. ಅಪ್ಪಯ್ಯ ಕೇಂಡದ್ದೂ ಇಲ್ಲೆ," ಎಂದಳು. ಆ ಸಿಟ್ಟು ನ್ಯಾಯವಾದದ್ದು. ನನಗೆ ಬೇಡ, ನೀವೇ ಇಟ್ಟುಕೊಳ್ಳಿ ಎಂದಳು.

ಮನೆಗೆ ತಂದು ಓದಿದೆ. ಬಾಯಲ್ಲಿ ಆರು ಎನ್ನುತ್ತಿದ್ದವರು ಕೈಯಲ್ಲಿ ಕಟ್ಟಿದ್ದು ಐದರಿಂದ ಹನ್ನೊಂದರ ತನಕ. 1975, 76ರ ಹಾಳೆಗಳಲ್ಲಿ ಅಲ್ಲಲ್ಲಿ ಅಂಚಿಗೆ 'ಉಂಗ್ರ ಇಲ್ಲೆ' ಎಂದು ಬರೆದಿದೆ. ಆ ತಿಂಗಳ ಕೋಲುಗಳಿಗೆಲ್ಲ ಐದು, ಆರು. ಅವನ್ನು ಪೆನ್ಸಿಲಿನಿಂದ ಗುರುತು ಮಾಡಿ ಬೇರೆ ಇಟ್ಟೆ. ಉಳಿದವುಗಳಲ್ಲಿ ಅವರ ಕಣ್ಣು ಕಂಡ ಲೆಕ್ಕ ನಿಚ್ಚಳವಾಗಿದೆ. ಅಡಿಯ ರೀಲು, ಏಳಡಿಯ ಕೋಲಾದರೆ ಆರು, ಎಂಟಡಿಗೆ ಏಳು, ಬಂಡೆಯ ಮೇಲಿಂದ ದೂರ ಎಸೆಯುವ ಹತ್ತಡಿಯದಕ್ಕೂ ಏಳು. ಮೇಲಿನ ರೀಲಾದರೆ ಅಡಿಗಿಂತ ಒಂದು ಹೆಚ್ಚು. ಒಂದು ಕೋಲು ಮಾತ್ರ ಈ ಲೆಕ್ಕಕ್ಕೆ ಸಿಗುತ್ತಿಲ್ಲ. 1978ರ ಮಳೆಗಾಲದಲ್ಲಿ ಕಟ್ಟಿದ, ಏಳಡಿಯ, ಅಡಿಯ ರೀಲಿನ ಕೋಲು. ಅದಕ್ಕೆ ಹನ್ನೊಂದು ಉಂಗುರ. ಗಿರಾಕಿಯ ಗುರುತಿಲ್ಲ, ದುಡ್ಡಿನ ಕಾಲಮಿನಲ್ಲಿ ಬಾಕಿ ಎಂದೂ ಇಲ್ಲ. ಪರೀಕ್ಷೆಗೆಂದು ಕಟ್ಟಿದರೋ, ಯಾವುದೋ ಹಡಗಿನಿಂದ ಉಂಗುರ ಧಾರಾಳವಾಗಿ ಬಂದ ಸಂತೋಷಕ್ಕೆ ಕಟ್ಟಿದರೋ, ಮಗಳಿಗೂ ಗೊತ್ತಿಲ್ಲ.